ಅನ್ನಕ್ಕೆ ಹೆಸರಿಡದ ಮಕ್ಕಳು

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮೊದಲ ಮಗು ವಾಂತಿ ಮಾಡಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ನಾನು ಆಗ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಗಡಿಯಾರ ನೋಡುವುದನ್ನು ಹೇಳಿಕೊಡುತ್ತಿದ್ದೆ. ಕೈಗಡಿಯಾರ ಬಿಚ್ಚಿ ಅವರ ಮುಂದೆ ಹಿಡಿದು, "ದೊಡ್ಡ ಮುಳ್ಳು ಎರಡರ ಮೇಲಿದೆ, ಚಿಕ್ಕ ಮುಳ್ಳು ಮೂರು ದಾಟಿದೆ. ಎಷ್ಟು ಗಂಟೆ?" ಎಂದು ಕೇಳಿದ್ದೆ. ಉತ್ತರ ಹೇಳಲು ಎದ್ದು ನಿಂತ ಹುಡುಗ ಬಾಯಿ ತೆರೆದ. ಉತ್ತರ ಬರಲಿಲ್ಲ.

ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆ. ಮಾರ್ಚ್ ತಿಂಗಳು. ರೈಲು ಹಳಿ ದಾಟಿ ಬರಿಗಾಲಲ್ಲಿ ಬರುವ ಮಕ್ಕಳು. ಅವನ ಬೆನ್ನು ಸವರಿ, ನೀರು ಕುಡಿಸಿ, ಗೋಡೆಗೆ ಒರಗಿಸಿ ಕೂರಿಸಿದೆ. ನೆಲಕ್ಕೆ ಬೂದಿ ಹಾಕಲು ತಿರುಗುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದರು. ಐದೇ ನಿಮಿಷದಲ್ಲಿ ಪಕ್ಕದ ಸಾಲು, ಆಮೇಲೆ ಜಗಲಿಯ ಮೇಲೆ ಕೂತಿದ್ದ ದೊಡ್ಡ ಮಕ್ಕಳು. ಕೆಂಪು ನೆಲದ ಮೇಲೆ ಬಿದ್ದದ್ದರ ಬಣ್ಣ ತೆಳುವಾದ ನೀಲಿಹಸಿರು.

ಆ ಬಣ್ಣವನ್ನು ನಾನು ವಾರಕ್ಕೆ ಐದು ದಿನ ನೋಡುತ್ತಿದ್ದೆ. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಮೈಲುತುತ್ತವನ್ನು ನೀರಿಗೆ ಹಾಕಿ ಕಲಕಿದರೆ ಇದೇ ಬಣ್ಣ. ಆದರೂ ಆ ಕ್ಷಣ ಅದು ನನಗೆ ಹೊಳೆಯಲಿಲ್ಲ. ಮಜ್ಜಿಗೆಗೆ ಹಾಕಿದ್ದ ಕೊತ್ತಂಬರಿ ಸೊಪ್ಪಿನ ಬಣ್ಣ ಅಂದುಕೊಂಡೆ. ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ, ಇವತ್ತಿಗೂ ಹೇಳಲಾರೆ.

ಆ ಮಜ್ಜಿಗೆ ಎಲ್ಲಿಂದ ಬಂತು ಎಂದು ಹೇಳಬೇಕು.

ನಮ್ಮ ಸಂಜೆ ಶಾಲೆ ನಡೆಯುತ್ತಿದ್ದದ್ದು ಮಲ್ಲೇಶ್ವರದ ಒಂದು ಭಜನೆ ಮಂದಿರದ ಹಿಂದಿನ ಹಾಲಿನಲ್ಲಿ. ಮಕ್ಕಳು ಬರುತ್ತಿದ್ದದ್ದು ಹಳಿಯಾಚೆಯ ಶ್ರೀರಾಂಪುರದಿಂದ. ಅಪ್ಪಂದಿರು ಗಿರಣಿಯಲ್ಲಿ, ಗಾರೆ ಕೆಲಸದಲ್ಲಿ. ಅಮ್ಮಂದಿರು ನಮ್ಮ ಕಡೆಯ ಮನೆಗಳ ಪಾತ್ರೆ ತೊಳೆಯುತ್ತಿದ್ದರು, ಇಲ್ಲವೇ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಹಗಲು ಕಾರ್ಪೊರೇಷನ್ ಶಾಲೆಗೆ ಹೋಗಿ, ಸಂಜೆ ನಮ್ಮಲ್ಲಿಗೆ ಬಂದು ಲೆಕ್ಕ, ಇಂಗ್ಲಿಷ್ ಕಲಿಯುತ್ತಿದ್ದರು. ಶನಿವಾರ ಮಾತ್ರ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನವೇ ಬರುತ್ತಿದ್ದರು. ಇದನ್ನು ಶುರುಮಾಡಿದವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಹಸಿದ ಹೊಟ್ಟೆಗೆ ಮಗ್ಗಿ ಹತ್ತುವುದಿಲ್ಲ ಎನ್ನುವುದು ಅವರ ಮೊದಲ ಪಾಠ. ಅವರು ಹುಡುಗರಾಗಿದ್ದಾಗ ಊರು ಬಿಟ್ಟು ಬಂದು ವಾರಾನ್ನ ಉಂಡು ಓದಿದವರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಅನ್ನ. ಆ ಪದ್ಧತಿಯನ್ನೇ ಅವರು ತಿರುಗಿಸಿ ಹಾಕಿದ್ದರು. ಮಕ್ಕಳು ಮನೆಗಳಿಗೆ ಹೋಗುವುದಿಲ್ಲ, ಮನೆಗಳೇ ಮಕ್ಕಳಿದ್ದಲ್ಲಿಗೆ ತಿಂಡಿ ಕಳಿಸುತ್ತವೆ. ವಾರದ ಆರು ದಿನಕ್ಕೆ ಆರು ಮನೆ. ಆ ಮನೆಗಳ ಹೆಂಗಸರನ್ನು ನಾವು ದಿನದ ಹೆಸರಿಂದಲೇ ಕರೆಯುತ್ತಿದ್ದೆವು. ಸೋಮವಾರದ ಅತ್ತಿಗೆ ಉಪ್ಪಿಟ್ಟು, ಗುರುವಾರದ ಮಾಮಿ ಮೊಸರನ್ನ. ಶನಿವಾರದ ಅಜ್ಜಿ ಮಾತ್ರ ಒಗ್ಗರಣೆ ಅವಲಕ್ಕಿಯ ಜತೆಗೆ ನಿಂಬೆಹಣ್ಣು ಹಿಂಡಿ, ಇಂಗು, ಕರಿಬೇವು, ಕೊತ್ತಂಬರಿ ಹಾಕಿದ ನೀರುಮಜ್ಜಿಗೆ ಕಳಿಸುತ್ತಿದ್ದರು. ಶನಿವಾರ ಹಾಜರಿ ತುಂಬುತ್ತಿದ್ದದ್ದು ನನ್ನ ಲೆಕ್ಕದ ಪಾಠಕ್ಕಲ್ಲ, ಈ ಮಜ್ಜಿಗೆಗೆ.

ಮೇಷ್ಟ್ರ ನಿಯಮಗಳು ಮೂರು. ಕೈಕಾಲು ತೊಳೆದು ಸಾಲಿನಲ್ಲಿ ಕೂರಬೇಕು. ಬಡಿಸುವ ನಾವು ಮಕ್ಕಳ ಪಾಲನ್ನು ಮುಟ್ಟಬಾರದು. ಅನ್ನಕ್ಕೆ ಹೆಸರಿಡಬಾರದು. ಉಪ್ಪು ಕಡಿಮೆ, ಖಾರ ಜಾಸ್ತಿ, ಆರಿಹೋಗಿದೆ, ಇಂಥ ಮಾತು ಬಾಯಲ್ಲಿ ಬರಕೂಡದು. ಕೊಟ್ಟವರ ಮನಸ್ಸು ನೋಯುತ್ತದೆ. ಈ ಮೂರನೆಯದನ್ನು ಮಕ್ಕಳು ತಿನ್ನುವ ಮೊದಲು ಒಕ್ಕೊರಲಿನಿಂದ ಹೇಳುತ್ತಿದ್ದರು, ಪ್ರಾರ್ಥನೆಯ ಹಾಗೆ. ಎರಡನೆಯ ನಿಯಮಕ್ಕೆ ಇನ್ನೊಂದು ಕಾರಣವೂ ಇತ್ತು. ಹಳಿಯಾಚೆಯ ಮಕ್ಕಳ ಸಾಲಿನಲ್ಲಿ ಕೂತು ತಿನ್ನುವುದು ನಮ್ಮಲ್ಲಿ ಕೆಲವು ಮನೆಗಳಿಗೆ ಸರಿಬರುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಿಯಮ ಇದ್ದದ್ದರಿಂದ ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ಆ ವರ್ಷ ಮಕ್ಕಳು ಮೂವತ್ತೆಂಟಾದರು. ಅಜ್ಜಿಯ ಸ್ಟೀಲ್ ಬಕೆಟ್ ಸಾಲದಾಯಿತು. ಅಟ್ಟದ ಮೇಲೆ ಅವರ ಮದುವೆ ಕಾಲದ ಕೊಳದಪ್ಪಲೆ ಇತ್ತು, ನೂರು ಜನಕ್ಕೆ ಅನ್ನ ಬಸಿಯುವಂಥ ಹಿತ್ತಾಳೆ ಪಾತ್ರೆ. ಶುಕ್ರವಾರ ಕಾಲೇಜಿನಿಂದ ಬೇಗ ಬಂದವಳೇ ಅವರ ಮನೆಗೆ ಹೋಗಿ ಅದನ್ನು ಇಳಿಸಿದೆ. ಒಳಗೆಲ್ಲ ಕಪ್ಪು, ಬೂದುಬಣ್ಣದ ಮಚ್ಚೆಗಳು.

"ಕಲಾಯಿ ಸಾಬ್ರು ಬಂದಾಗ ತೋರ್ಸೋಣ ಕಣೇ, ಈ ವಾರ ಬಕೆಟ್ಟಲ್ಲೇ ಎರಡು ಸಲ ಮಾಡಿ ಕಳಿಸ್ತೀನಿ," ಅಂದರು ಅಜ್ಜಿ.

"ನೀವು ಸುಮ್ನೆ ಕೂತ್ಕೊಳ್ಳಿ ಅಜ್ಜಿ, ಫಳಫಳ ಮಾಡಿಕೊಡ್ತೀನಿ," ಅಂದೆ ನಾನು.

ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಸೆರಗು ಸಿಕ್ಕಿಸಿಕೊಂಡು ಪಾತ್ರೆಯೊಳಕ್ಕೆ ಅರ್ಧ ಇಳಿದು ಎರಡು ಗಂಟೆ ಉಜ್ಜಿದೆ. ಬೂದು ಮಚ್ಚೆಗಳು ಸುಲಭಕ್ಕೆ ಬಿಡಲಿಲ್ಲ. ಅವೇ ಕೊಳೆ ಎಂದು ಅವನ್ನೇ ಹುಡುಕಿ ಹುಡುಕಿ ತಿಕ್ಕಿದೆ. ಕೊನೆಗೆ ಪಾತ್ರೆ ಒಳಗೂ ಹೊರಗೂ ಚಿನ್ನದ ಹಾಗೆ ಹೊಳೆಯಿತು. ಅಜ್ಜಿಗೆ ಕಣ್ಣಿನ ಪೊರೆ ಬಂದಿತ್ತು. ಬೆಳಕಿಗೆ ಹಿಡಿದು ನೋಡಿ, "ನನ್ನ ಮದುವೆ ದಿನ ಹಿಂಗಿತ್ತು ನೋಡು," ಎಂದು ಪಾತ್ರೆಯ ಕಂಠ ಸವರಿದರು.

ಹಿತ್ತಾಳೆ ಪಾತ್ರೆಯ ಒಳಗು ಚಿನ್ನದ ಹಾಗೆ ಹೊಳೆಯಬಾರದು, ಬೆಳ್ಳಿಯ ಹಾಗೆ ಹೊಳೆಯಬೇಕು. ಅದು ಕಲಾಯಿ, ತವರದ ಲೇಪ. ಹುಳಿ ಹಿತ್ತಾಳೆಗೆ ತಾಕದಂತೆ ಕಾಯುವುದು ಅದೊಂದೇ. ನಾನು ಕೊಳೆಯೆಂದು ತಿಕ್ಕಿ ತೆಗೆದ ಬೂದು ಮಚ್ಚೆಗಳು ಉಳಿದಿದ್ದ ಅಷ್ಟಿಷ್ಟು ಕಲಾಯಿ. ಅಕ್ಷರ ಕಲಿಯದ ಅಜ್ಜಿ ಕಲಾಯಿಯ ಮಾತು ಎತ್ತಿದ್ದರು. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ಅವರನ್ನು ಸುಮ್ಮನೆ ಕೂರಿಸಿದ್ದೆ.

ಶನಿವಾರ ಬೆಳಿಗ್ಗೆ ಆರಕ್ಕೆ ಆ ಪಾತ್ರೆಗೆ ಮಜ್ಜಿಗೆ ಬಿತ್ತು. ಅದಕ್ಕೆ ಹನ್ನೆರಡು ನಿಂಬೆಹಣ್ಣು. ದೇವರಿಗೆ ತೋರಿಸುವ ಮೊದಲು ಅಜ್ಜಿ ಏನನ್ನೂ ರುಚಿ ನೋಡುತ್ತಿರಲಿಲ್ಲ. ತೋರಿಸಿದ ಮೇಲೂ ಅವತ್ತು ನೋಡಲಿಲ್ಲ, ಶನಿವಾರ ಅವರಿಗೆ ಒಪ್ಪತ್ತು. ಮಧ್ಯಾಹ್ನ ಎರಡಕ್ಕೆ ಬಡಿಸಿದೆವು. ನಮ್ಮ ನಿಯಮದಂತೆ ನಾವು ಮುಟ್ಟಲಿಲ್ಲ. ಅಲ್ಲಿಯವರೆಗೆ ಎಂಟು ಗಂಟೆಗಳ ಕಾಲ ಹುಳಿ ಮಜ್ಜಿಗೆ ಬರಿ ಹಿತ್ತಾಳೆಯಲ್ಲಿ ನಿಂತಿತ್ತು.

ಡಾಕ್ಟರು ಬಂದದ್ದು ಮೂರೂವರೆಗೆ. ಅಡ್ಡರಸ್ತೆಯಲ್ಲೇ ಅವರ ದವಾಖಾನೆ, ಮೇಷ್ಟ್ರೇ ಓಡಿಹೋಗಿ ಕರೆತಂದಿದ್ದರು. ಅಷ್ಟರಲ್ಲಿ ಭಜನೆಯ ಜಮಖಾನೆಗಳನ್ನೆಲ್ಲ ಹಾಸಿ ಮಕ್ಕಳನ್ನು ಮಲಗಿಸಿದ್ದೆ. ಉಸಿರು ಕಟ್ಟಬಾರದೆಂದು ಒಬ್ಬೊಬ್ಬರನ್ನೂ ಮಗ್ಗುಲಾಗಿಸಿದ್ದೆ. ಡಾಕ್ಟರು ಮೊದಲು ಮಕ್ಕಳನ್ನಲ್ಲ, ನೆಲ ನೋಡಿದರು.

"ಏನು ಕುಡಿದ್ರು?"

"ಮಜ್ಜಿಗೆ ಡಾಕ್ಟ್ರೇ."

"ಯಾವುದ್ರಲ್ಲಿತ್ತು?"

ನಾನು ಮೂಲೆಯತ್ತ ಕೈ ತೋರಿಸಿದೆ. ಅವರು ಕೊಳದಪ್ಪಲೆಯೊಳಗೆ ಬೆರಳಾಡಿಸಿ ನಾಲಗೆಯ ತುದಿಗೆ ತಾಕಿಸಿ ಉಗುಳಿದರು. "ಕಿಲುಬು," ಅಂದರು. "ಇದನ್ನ ಹೆಂಗಮ್ಮ ಕುಡಿದ್ರು ಈ ಮಕ್ಳು? ಬಾಯಲ್ಲಿ ಇಡೋಕಾಗಲ್ಲ. ಹಾಲು ತರಿಸಿ. ಮೊಟ್ಟೆ ತರಿಸಿ, ಬರೀ ಬಿಳೀದು ಬೇಕು."

ಭಜನೆ ಮಂದಿರದಲ್ಲಿ ಮೊಟ್ಟೆ ಎಂದೊಡನೆ ಎಲ್ಲರೂ ಮುಖಮುಖ ನೋಡಿಕೊಂಡರು. ಗೋಡೆಯ ಮೇಲೆ ದೇವರ ಪಟಗಳ ಸಾಲು. ಅಷ್ಟರಲ್ಲಿ ಸುದ್ದಿ ಕೇಳಿ ಬಂದಿದ್ದ ಶನಿವಾರದ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ಏನು ಮುಖ ನೋಡ್ತಿದೀರೋ, ತನ್ರೋ!" ಎಂದು ಅವರು ಕೂಗಿದ ಕೂಗು ಬೀದಿಯ ಕೊನೆಗೆ ಕೇಳಿಸಿರಬೇಕು. ಹಾಲು ನಮ್ಮ ಕಡೆಯ ಮನೆಗಳಿಂದ ಬಂತು. ಮೊಟ್ಟೆ ಹಳಿಯಾಚೆಯಿಂದ ಬಂತು. ಮಕ್ಕಳ ತಾಯಂದಿರು ಮಡಿಲಲ್ಲಿ ಕಟ್ಟಿಕೊಂಡು ಓಡಿಬಂದಿದ್ದರು. ಮೊಟ್ಟೆ ಒಡೆದು ಬಿಳಿ, ಹಳದಿ ಬೇರೆ ಮಾಡುವುದು ನನಗೆ ಗೊತ್ತಿರಲಿಲ್ಲ. ಒಬ್ಬ ತಾಯಿ ಒಡೆದು ಸುರಿದಳು, ಅಜ್ಜಿ ಬಟ್ಟಲು ಹಿಡಿದರು. ಎಪ್ಪತ್ತು ವರ್ಷ ಮೊಟ್ಟೆ ಮುಟ್ಟದವರು ಬಟ್ಟಲನ್ನು ಮೈಯಿಂದ ತೋಳಳತೆ ದೂರಕ್ಕೆ ಚಾಚಿದ್ದರು. "ಹೆದರ್ಕೋಬೇಡಿ ಅಜ್ಜಮ್ಮ, ಕಚ್ಚಲ್ಲ," ಅಂದಳು ಅವಳು. ಅಂಥ ಹೊತ್ತಿನಲ್ಲೂ ಅಜ್ಜಿ ನಕ್ಕರು. ಆಮೇಲೆ ಅತ್ತರು.

ಸಂಜೆ ಐದರ ಹೊತ್ತಿಗೆ ಬಹುತೇಕ ಮಕ್ಕಳ ವಾಂತಿ ನಿಂತಿತು. ನಾಲ್ವರದು ನಿಲ್ಲಲಿಲ್ಲ. ಅವರನ್ನು ಎರಡು ಆಟೋಗಳಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ನನ್ನ ತೊಡೆಯ ಮೇಲೆ ಮಲಗಿದ್ದವಳು ಏಳನೇ ಕ್ಲಾಸಿನ ಹುಡುಗಿ, ನಮ್ಮ ಶಾಲೆಯ ಲೀಡರು. ಎಲ್ಲರೂ ಅವಳನ್ನು ಲೀಡರ್ ಎಂದೇ ಕರೆಯುತ್ತಿದ್ದರು, ಅವಳ ಅಮ್ಮನೂ ಸೇರಿ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಅವಳ ಬೀದಿಯಿಂದ ಆ ಪರೀಕ್ಷೆಗೆ ಕೂರುವ ಮೊದಲ ಹುಡುಗಿ ಅವಳು. ಕೈ ಐಸಿನ ಹಾಗೆ ತಣ್ಣಗಿತ್ತು. ತುಟಿ ಒಣಗಿ ಬಿಳುಚಿಕೊಂಡಿತ್ತು.

"ಎಷ್ಟು ಲೋಟ ಕುಡಿದೆ ಪುಟ್ಟಿ?"

"ಮೂರು ಮಿಸ್. ತಳದಲ್ಲಿ ಉಳ್ದಿತ್ತು. ಚೆಲ್ಲಬಾರ್ದಲ್ವಾ."

ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಡಿಯುವುದು ಲೀಡರ್ ಕೆಲಸ. ಅದನ್ನೂ ನಾವೇ ಕಲಿಸಿದ್ದು.

ಎರಡು ದಿನ ಅವಳಿಗೆ ಗ್ಲೂಕೋಸ್ ಹನಿಸಿದರು. ಮೂತ್ರ ಆಗುತ್ತಿದೆಯೋ ಇಲ್ಲವೋ ಎಂದು ಗಂಟೆಗೊಮ್ಮೆ ಕೇಳುತ್ತಿದ್ದರು. ತಾಮ್ರ ಮೂತ್ರಪಿಂಡಕ್ಕೆ ಹತ್ತಿದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿರದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೆಂಚಿನ ಇನ್ನೊಂದು ತುದಿಯಲ್ಲಿ ಅವಳ ಅಮ್ಮ ಕೂತಿದ್ದಳು, ಊದುಬತ್ತಿ ಹೊಸೆದು ಕಪ್ಪಾದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು. ಸೋಮವಾರ ಮಧ್ಯಾಹ್ನ ಹುಡುಗಿ ಹಸಿವು ಅಂದಳು. ನರ್ಸು ಹೊರಗೆ ಬಂದು ಅದನ್ನು ಹೇಳಿದಾಗ ನಾನು ಎದ್ದು ನಿಂತೆ, ಮತ್ತೆ ಕೂತೆ.

ಮಕ್ಕಳು ಉಳಿದರು, ಎಲ್ಲರೂ. ಶಾಲೆ ಉಳಿಯುವ ಹಾಗೆ ಕಾಣಲಿಲ್ಲ.

ಹಳಿಯಾಚೆ ಒಂದು ಸುದ್ದಿ ಹಬ್ಬಿತ್ತು: ಮಕ್ಕಳಾಗದ ಹಾಗೆ ಔಷಧಿ ಬೆರೆಸಿ ಕುಡಿಸಿದ್ದಾರಂತೆ. ಎಮರ್ಜೆನ್ಸಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಆಪರೇಷನ್ ಕ್ಯಾಂಪಿನ ಭಯ ಆ ಬೀದಿಗಳಲ್ಲಿ ಇನ್ನೂ ಹಸಿಯಾಗಿಯೇ ಇತ್ತು. ಅವರು ಹಾಗೆ ಅನುಮಾನಪಟ್ಟದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಹಳಿಯೀಚೆ ಇನ್ನೊಂದು ಸುದ್ದಿ ತಯಾರಾಗುತ್ತಿತ್ತು. ಮಂಗಳವಾರ ಸಂಜೆ ಮಂದಿರದಲ್ಲಿ ನಮ್ಮ ಆರು ಮನೆಯವರೂ ಸೇರಿದರು.

"ಸ್ಕೂಲ್ ಗೇಟ್ ಹತ್ರ ಐಸ್ ಕ್ಯಾಂಡಿ ಮಾರ್ತಾನಲ್ಲ, ಅದನ್ನ ತಿಂದಿರ್ತಾರೆ," ಅಂದರು ಸೋಮವಾರದ ಅತ್ತಿಗೆಯ ಯಜಮಾನರು. "ಹಾಗೇ ಹೇಳಿಬಿಡೋಣ. ಆ ಅಜ್ಜಿ ಹೆಸರು ಯಾಕೆ ಕೆಡಬೇಕು? ನಿಮ್ಮ ಹೆಸರು ಯಾಕೆ ಕೆಡಬೇಕಮ್ಮ? ಇನ್ನೂ ಮದುವೆ ಆಗಬೇಕಾದ ಹುಡುಗಿ."

ಅವರು ದುಷ್ಟರಲ್ಲ. ಶನಿವಾರ ಆಟೋಗೆ ಓಡಿದವರು ಅವರೇ. ನನಗೂ ಆ ಮಾತು ತಣ್ಣನೆಯ ನೀರಿನ ಹಾಗೆ ಹಿತವಾಗಿತ್ತು ಎನ್ನುವುದನ್ನು ಮುಚ್ಚಿಡಲಾರೆ. ಐಸ್ ಕ್ಯಾಂಡಿಯವನಿಗೆ ನಮ್ಮ ಸಭೆಯಲ್ಲಿ ಬಂಧುಗಳಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು.

"ನಾಳೆ ಹೇಳ್ತೀನಿ," ಅಂದು ಎದ್ದುಬಂದೆ. ದಾರಿಯಲ್ಲಿ ಅಜ್ಜಿಯ ಮನೆಗೆ ಹೋಗಿ ಎರಡು ನಿಂಬೆಹಣ್ಣು ಕೇಳಿದೆ. ರಸವನ್ನು ಅರ್ಧ ಕೊಳದಪ್ಪಲೆಯ ತಳಕ್ಕೆ ಹಿಂಡಿ, ಇನ್ನರ್ಧ ಒಂದು ಸ್ಟೀಲ್ ಲೋಟಕ್ಕೆ ಹಿಂಡಿ, ಎರಡನ್ನೂ ಮುಚ್ಚಿಟ್ಟೆ. "ಏನು ಮಾಡ್ತೀಯೇ ಹುಡುಗಿ?" ಅಂದರು ಅಜ್ಜಿ. "ಪ್ರಾಕ್ಟಿಕಲ್ ಅಜ್ಜಿ," ಅಂದೆ. ಅಂದುಕೊಂಡಿದ್ದು ನಿಜವೇ ಎಂದು ತಿಳಿಯಬೇಕಾಗಿತ್ತು. ತಿಳಿದ ಮೇಲೆ ಸುಳ್ಳು ಹೇಳಲು ನನ್ನಿಂದ ಆಗುತ್ತದೆಯೇ ಎಂಬುದೂ ತಿಳಿಯಬೇಕಾಗಿತ್ತು.

ಬುಧವಾರ ಎರಡೂ ರಸಗಳನ್ನು ಸೀಸೆಗಳಿಗೆ ಬಗ್ಗಿಸಿ ಲ್ಯಾಬಿಗೆ ಒಯ್ದೆ. ಸೋಸಿ, ಟೆಸ್ಟ್ ಟ್ಯೂಬಿಗೆ ಹಾಕಿ, ಅಮೋನಿಯ ಹನಿಹನಿಯಾಗಿ ಬಿಟ್ಟೆ. ಸ್ಟೀಲ್ ಲೋಟದ ರಸ ಹಾಗೇ ಇತ್ತು. ಕೊಳದಪ್ಪಲೆಯ ರಸ ಕಡುನೀಲಿಗೆ ತಿರುಗಿತು, ತಾಮ್ರದ ಗುರುತು. ಈ ಪರೀಕ್ಷೆಯನ್ನು ಎಷ್ಟು ಸಲ ಮಾಡಿಸಿ ರೆಕಾರ್ಡಿಗೆ ಸಹಿ ಹಾಕಿದ್ದೆನೋ ಲೆಕ್ಕವಿಲ್ಲ. ಅವತ್ತು ಮಾತ್ರ ಆ ನೀಲಿಯನ್ನು ಹಿಡಿದು ಸಿಂಕಿನ ಬಳಿಗೆ ಹೋದೆ. ಸಿಂಕಿಗೆ ಸುರಿದರೆ ಮುಗಿಯಿತು, ಐಸ್ ಕ್ಯಾಂಡಿ ನಿಜವಾಗುತ್ತದೆ. ಸುರಿಯಲಿಲ್ಲ. ಉಳಿದ ರಸ, ನಾಲ್ಕು ಟೆಸ್ಟ್ ಟ್ಯೂಬು, ಅಮೋನಿಯ ಸೀಸೆ ಎಲ್ಲವನ್ನೂ ಟಿಫಿನ್ ಬುಟ್ಟಿಯಲ್ಲಿಟ್ಟುಕೊಂಡು ಸಂಜೆ ನೇರ ಶ್ರೀರಾಂಪುರಕ್ಕೆ ಹೋದೆ. ಕೊಳದಪ್ಪಲೆಯನ್ನು ಒಂದು ಕೈಗಾಡಿಯಲ್ಲಿ ಹೇರಿಸಿಕೊಂಡು ಮೇಷ್ಟ್ರು ಹಿಂದೆ ಬಂದರು. ಅಷ್ಟು ಮಾತ್ರ ಅವರನ್ನು ಕೇಳಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ.

ಸಾರ್ವಜನಿಕ ನಲ್ಲಿಯ ಕಟ್ಟೆಯ ಬಳಿ ಹೆಂಗಸರು ಸೇರಿದ್ದರು. ಕೊಡಗಳ ಸಾಲು ಹಾಗೇ ನಿಂತಿತು. ಗಂಡಸೊಬ್ಬ, "ಇನ್ನೂ ಏನು ಕುಡ್ಸಕ್ ಬಂದ್ರಿ?" ಅಂದ. ನಾನು ಕಟ್ಟೆಯ ಮೇಲೆ ಟೆಸ್ಟ್ ಟ್ಯೂಬುಗಳನ್ನು ಸಾಲಾಗಿ ಲೋಟದಲ್ಲಿ ನಿಲ್ಲಿಸಿದೆ. ಅಮೋನಿಯ ಬಿರಡೆ ತೆಗೆದಾಗ ಮುಂದೆ ನಿಂತಿದ್ದ ಮುದುಕಿ ಮೂಗು ಮುಚ್ಚಿಕೊಂಡು, "ಥೂ, ಏನವ್ವಾ ಇದು, ಕುದುರೆ ಲಾಯದ ನಾತ!" ಎಂದಳು. ಯಾರೋ ನಕ್ಕರು. ಆ ನಗು ನನಗೆ ಕೈ ಹಿಡಿದ ಹಾಗಾಯಿತು.

ಎರಡು ಟ್ಯೂಬಿಗೆ ಎರಡು ರಸ ಬಗ್ಗಿಸಿ, ಎರಡಕ್ಕೂ ಹನಿ ಬಿಟ್ಟೆ. ಒಂದು ಹಾಗೇ ಉಳಿಯಿತು. ಒಂದು ನೀಲಿಯಾಯಿತು.

"ಯಾರೂ ಔಷಧಿ ಹಾಕಿಲ್ಲ. ಐಸ್ ಕ್ಯಾಂಡಿನೂ ಅಲ್ಲ," ಅಂದೆ. "ಹಿತ್ತಾಳೆ ಒಳಗಿರೋ ತಾಮ್ರ ಇದು. ಹುಳಿಗೆ ಬಿಟ್ಕೊಂಡಿದೆ. ಪಾತ್ರೆಗೆ ಕಲಾಯಿ ಇರಲಿಲ್ಲ. ಇದ್ದಿದ್ದನ್ನ ನಾನೇ ಉಜ್ಜಿ ತೆಗೆದೆ. ಕೊಳೆ ಅಂದ್ಕೊಂಡೆ. ಅಜ್ಜಿದು ತಪ್ಪಿಲ್ಲ. ನಂದು."

ಗುಂಪು ಗದ್ದಲ ಮಾಡುತ್ತದೆ ಅಂದುಕೊಂಡಿದ್ದೆ. ಒಬ್ಬಳು ಕೊಳದಪ್ಪಲೆಯೊಳಗೆ ಬಗ್ಗಿ ನೋಡಿ, "ನಿಮ್ಮನೇಲಿ ಪಾತ್ರೆ ಉಜ್ಜೋದು ನಾವು. ನಮ್ಮನ್ನ ಒಂದ್ಮಾತು ಕೇಳಿದ್ರೆ ಹೇಳ್ತಿದ್ವಿ," ಅಂದಳು. ಬೈಗುಳದ ದನಿ ಇರಲಿಲ್ಲ. ಇದ್ದ ವಿಷಯ ಹೇಳಿದ ಹಾಗಿತ್ತು.

ಆಗ ಲೀಡರ್ ತಾಯಿ ಮುಂದೆ ಬಂದಳು. ಅವತ್ತಿನವರೆಗೆ ನನ್ನ ಜತೆ ಮಾತಾಡಿರಲಿಲ್ಲ.

"ಟೀಚರಮ್ಮ, ಪಾತ್ರೆ ವಿಷ್ಯ ಬಿಡಿ, ಯಾರಿಗೂ ಆಗೋದೇ. ಮಗೂನ ಕೇಳ್ದೆ, ರುಚಿ ಕೆಟ್ಟೋಗಿರ್ಲಿಲ್ವೇನೇ ಅಂತ. ಕಬ್ಬಿಣ ನೆಕ್ಕಿದಂಗಿತ್ತು ಅಂದ್ಳು. ಎಲ್ರಿಗೂ ಹಂಗೇ ಇತ್ತಂತೆ. ಮತ್ಯಾಕ್ ಕುಡಿದ್ರಿ ಅಂದ್ರೆ, ಹೆಸರಿಡಬಾರ್ದು ಅಂತ ಮೇಷ್ಟ್ರು ಹೇಳವ್ರೆ ಅಂದ್ಳು." ಅವಳು ಮೇಷ್ಟ್ರ ಕಡೆ ತಿರುಗಿದಳು. "ಓದ್ಲಿ ಅಂತ ಕಳ್ಸಿದ್ದು ಸ್ವಾಮಿ. ವಿಷ ಕೊಟ್ರೂ ಸುಮ್ನೆ ಕುಡೀರಿ ಅಂತ ಕಲೀಲಿ ಅಂತಲ್ಲ."

ಮೂವತ್ತೆಂಟು ಮಕ್ಕಳು. ಮೂವತ್ತೆಂಟು ನಾಲಗೆಗಳಿಗೆ ಗೊತ್ತಾಗಿತ್ತು. ಒಂದೇ ಒಂದು ಬಾಯಿ, "ಮಿಸ್, ಏನೋ ಥರ ಇದೆ," ಅಂದಿದ್ದರೆ ನಾನು ಲೋಟ ಮೂಸುತ್ತಿದ್ದೆ. ಇವತ್ತಿಗೂ ನನ್ನೊಳಗೆ ಮತ್ತೆ ಮತ್ತೆ ನಡೆಯುವುದು ವಾಂತಿಯ ಆ ಮೂರೂ ಹತ್ತು ಅಲ್ಲ, ಅದಕ್ಕೂ ಹಿಂದೆ, ಎರಡು ಗಂಟೆಗೆ ಬಡಿಸಿದ ಹೊತ್ತು. ಮಕ್ಕಳು ಮೊದಲ ಗುಟುಕು ಕುಡಿಯುತ್ತಾರೆ. ಒಂದಿಬ್ಬರು ಪಕ್ಕದವರ ಮುಖ ನೋಡುತ್ತಾರೆ. ನಾನು ಸಾಲಿನ ನಡುವೆ ಸೌಟು ಹಿಡಿದು ನಡೆಯುತ್ತಾ, ಎಷ್ಟು ಶಿಸ್ತಿನ ಮಕ್ಕಳು ಎಂದು ಒಳಗೊಳಗೇ ಹಿಗ್ಗುತ್ತೇನೆ.

ಹಿಂತಿರುಗುವಾಗ ಮೇಷ್ಟ್ರು ಹಳಿಯ ಬಳಿ ನಿಂತರು. ಗೂಡ್ಸ್ ಗಾಡಿಯೊಂದು ಹಾದುಹೋಗುತ್ತಿತ್ತು. ಅದರ ಕೊನೆಯ ಡಬ್ಬಿ ದಾಟಿದ ಮೇಲೆ ಹೇಳಿದರು.

"ನಾನು ವಾರಾನ್ನ ಉಣ್ತಿದ್ದಾಗ, ಗುರುವಾರದ ಮನೇಲಿ ಹಳಸಿದ್ದನ್ನ ಬಡಿಸೋರಮ್ಮ. ಬೇಕು ಅಂತಲ್ಲ, ಉಳಿದಿದ್ದು. ವರ್ಷವೆಲ್ಲ ತಿಂದೆ. ಹೇಳಿದ್ರೆ ವಾರ ತಪ್ಪಿಹೋಗುತ್ತೆ ಅಂತ ಭಯ. ಆ ಭಯಾನೇ ದೊಡ್ಡ ಗುಣ ಅಂತ ಇಷ್ಟು ವರ್ಷ ಕಲಿಸಿಬಿಟ್ಟೆ ನೋಡು."

ಅವರ ಕೊಡೆಯನ್ನು ನಾನು ಹಿಡಿದುಕೊಂಡೆ.

ಮರುದಿನ ನಾವಿಬ್ಬರೂ ಕೂತು ನಿಯಮಗಳನ್ನು ಹೊಸದಾಗಿ ಬರೆದೆವು. ಬಡಿಸುವವರು ಮಕ್ಕಳ ಸಾಲಿನಲ್ಲೇ ಕೂತು ಮೊದಲ ತುತ್ತು ತಿನ್ನಬೇಕು. ತಿಂಡಿಯ ಆರು ದಿನಗಳಲ್ಲಿ ಎರಡು ದಿನ ಹಳಿಯಾಚೆಯ ತಾಯಂದಿರಿಗೆ, ಅವರವರ ಮನೆಯಲ್ಲಿ, ಅವರವರ ಪಾತ್ರೆಯಲ್ಲಿ. ಯಾವ ಪಾತ್ರೆಯಾದರೂ ಅವರಲ್ಲೊಬ್ಬರು ನೋಡಿ ಸರಿ ಎನ್ನದೆ ಒಲೆ ಏರಬಾರದು. ಅನ್ನಕ್ಕೆ ಹೆಸರಿಡಬಾರದು ಎಂಬ ಸಾಲನ್ನು ಮೇಷ್ಟ್ರೇ ಒದ್ದೆ ಬಟ್ಟೆಯಿಂದ ಬೋರ್ಡಿನ ಮೂಲೆಯಿಂದ ಒರೆಸಿದರು. ಎಷ್ಟೋ ವರ್ಷ ತಿದ್ದಿ ತಿದ್ದಿ ಬರೆದ ಸುಣ್ಣದ ಅಕ್ಷರ. ಮೂರು ಸಲ ಒರೆಸಿದರೂ ನೆರಳು ಉಳಿಯಿತು.

ನಮ್ಮ ಆರು ಮನೆಗಳಲ್ಲಿ ಎರಡು ಬಿಟ್ಟುಹೋದವು, ಜತೆಯಲ್ಲಿ ಕೂತು ತಿನ್ನುವ ನಿಯಮಕ್ಕೆ. ಸೋಮವಾರದ ಅತ್ತಿಗೆಯ ಯಜಮಾನರು ಹೋಗುತ್ತಾರೆ ಅಂದುಕೊಂಡಿದ್ದೆ, ಅವರು ಉಳಿದರು. ಅಜ್ಜಿಯ ಮಡಿಯ ಬಗ್ಗೆ ಎಲ್ಲರಿಗೂ ಚಿಂತೆಯಿತ್ತು. "ಮೊಟ್ಟೆ ಬಟ್ಟಲು ಹಿಡಿದ ಮೇಲೆ ಇನ್ನೇನು ಉಳೀತೇ?" ಅಂದರು ಅವರು. ಶನಿವಾರದ ಒಪ್ಪತ್ತನ್ನು ಸೋಮವಾರಕ್ಕೆ ಬದಲಾಯಿಸಿಕೊಂಡರು. ಕೊಳದಪ್ಪಲೆಯನ್ನು ಕಲಾಯಿ ಸಾಬರಿಗೆ ತೋರಿಸಿದೆವು. ಅವರು ಬೀದಿಯಲ್ಲೇ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ಸವರಿ, ಹತ್ತಿಯಿಂದ ಒರೆಸಿದರು. ಬಿಳಿ ಹೊಗೆಯೊಳಗಿಂದ ಬೆಳ್ಳಿಬಣ್ಣ ಎದ್ದು ಬಂತು. "ಯಾರಮ್ಮಾ ಇದನ್ನ ಉಜ್ಜಿದ್ದು?" ಎಂದು ಕೇಳಿದರು. "ನಾನು," ಅಂದೆ. "ಕೈ ಗಟ್ಟಿ ಇದೆ," ಅಂದರು.

ಹತ್ತನೆಯ ದಿನ, ಸೋಮವಾರ, ಬಾಗಿಲು ತೆರೆದಾಗ ಹನ್ನೊಂದು ಮಕ್ಕಳು ಬಂದರು. ಮರುದಿನ ಹದಿನೇಳು. ಲೀಡರ್ ಬರಲಿಲ್ಲ. ಅವಳ ಮನೆಗೆ ಹೋದೆ. ಅಮ್ಮನ ಪಕ್ಕದಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಕಡ್ಡಿ ಹಲಗೆಯ ಮೇಲೆ ಸರಸರನೆ ಉರುಳುತ್ತಿತ್ತು. ಅಷ್ಟು ವೇಗ ಬಂದ ಕೈ ಪುಸ್ತಕಕ್ಕೆ ಮರಳುವುದು ಕಷ್ಟ ಎಂದು ನನಗೆ ಗೊತ್ತಿತ್ತು.

"ಕಳಿಸ್ತೀನಿ," ಅಂದಳು ತಾಯಿ. "ಪರೀಕ್ಷೆಗೆ ಕೂರಲಿ. ಆದ್ರೆ ಅಲ್ಲಿ ತಿನ್ನು ಅಂತ ಬಲವಂತ ಮಾಡಬೇಡಿ."

ಬಂದಳು. ಪಾಠಕ್ಕೆ ಮೊದಲಿನ ಹಾಗೇ ಕೈ ಎತ್ತುತ್ತಿದ್ದಳು. ತಿಂಡಿಯ ಹೊತ್ತಿಗೆ ಜಗಲಿಗೆ ಹೋಗಿ ಮನೆಯಿಂದ ತಂದ ಸೀಸೆಯ ನೀರು ಕುಡಿದು ಕೂರುತ್ತಿದ್ದಳು. ಉಳಿದ ಮಕ್ಕಳು ತಿನ್ನುತ್ತಿದ್ದರು, ಆದರೆ ಹೇಗಿದೆ ಎಂದು ಕೇಳಿದರೆ ತಲೆ ತಗ್ಗಿಸಿ, "ಚೆನ್ನಾಗಿದೆ ಮಿಸ್," ಅನ್ನುತ್ತಿದ್ದರು. ನಿಯಮ ಬೋರ್ಡಿನಿಂದ ಹೋಗಿತ್ತು, ಅವರಿಂದ ಹೋಗಿರಲಿಲ್ಲ. ನನಗೆ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ವಾಂತಿಯ ಸದ್ದು. ಎದ್ದು ಅಡುಗೆಮನೆಗೆ ಹೋಗಿ ಲೋಟ ಮೂಸುತ್ತಿದ್ದೆ, ನಮ್ಮ ಮನೆಯ ಸ್ಟೀಲ್ ಲೋಟಗಳನ್ನೇ. ಅಮ್ಮ ನೋಡಿಯೂ ನೋಡದವಳ ಹಾಗೆ ಮಲಗಿರುತ್ತಿದ್ದಳು.

ಪರೀಕ್ಷೆ ಬಂತು, ಆಯಿತು. ಲೀಡರ್ ಎಲ್ಲ ದಿನವೂ ಬರೆದಳು. ಪರೀಕ್ಷೆ ಮುಗಿದ ಮೇಲೂ ಬರುತ್ತಾಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಮೊದಲ ಶನಿವಾರ ಬಂದಳು. ಅವತ್ತು ಕೊಳದಪ್ಪಲೆಯ ತುಂಬ ಬಿಸಿಬೇಳೆ ಅನ್ನ. ಅಜ್ಜಿಯೇ ನಿಂತು ಮಾಡಿಸಿದ್ದು, ಲೀಡರ್ ತಾಯಿ ಪಾತ್ರೆ ನೋಡಿ ಹೂಂ ಅಂದದ್ದು. ಅಜ್ಜಿ, ಮೇಷ್ಟ್ರು, ನಾನು ಮಕ್ಕಳ ನಡುವೆ ಎಲೆಯ ಮುಂದೆ ಕೂತಿದ್ದೆವು. ಎದುರು ಸಾಲಿನ ತುದಿಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿತ್ತು. ಯಾರು ಹಾಕಿದರೋ ತಿಳಿಯದು. ಲೀಡರ್ ಜಗಲಿಯಿಂದ ಒಳಗೆ ಬಂದು ಅಲ್ಲಿ ಕೂತಳು. ನಾನು ಅತ್ತ ನೋಡದಿರಲು ನನ್ನ ಎಲೆಯನ್ನೇ ನೋಡುತ್ತಿದ್ದೆ.

ನಾವು ಮೊದಲ ತುತ್ತು ತಿಂದೆವು. ಅಜ್ಜಿ ನುಂಗಿದರು, ಮೇಷ್ಟ್ರು ನುಂಗಿದರು, ಭಯಕ್ಕೆ ನನ್ನ ನಾಲಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಮಕ್ಕಳು ತಿನ್ನತೊಡಗಿದರು. ತಡೆಯಲಾರದೆ ತಲೆ ಎತ್ತಿದೆ. ಲೀಡರ್ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಹುಬ್ಬು ಗಂಟಾಯಿತು.

ಅವಳು ಎದ್ದು ನಿಂತು, ಸೊಂಟದ ಮೇಲೆ ಎಡಗೈ ಇಟ್ಟುಕೊಂಡು, ಹಾಲಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಅಜ್ಜೀ, ಉಪ್ಪೇ ಹಾಕಿಲ್ಲ!"

ಮಕ್ಕಳೆಲ್ಲ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಅಜ್ಜಿಯ ಮುಖ ನೋಡಿದರು. ಅಜ್ಜಿ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡು ಅಗಿದು, "ಅಯ್ಯೋ ನನ್ನ ಬುದ್ಧಿಗಿಷ್ಟು! ಹೌದಲ್ಲೇ!" ಅಂದರು. "ನಿಮಗೆ ಗೊತ್ತಾಗ್ಲಿಲ್ವೇನ್ರೀ ಮೇಷ್ಟ್ರೇ?"

"ಗೊತ್ತಾಯ್ತು," ಅಂದರು ಮೇಷ್ಟ್ರು, ಮೆಲ್ಲಗೆ. "ಹೇಳೋಕೆ ಬರಲಿಲ್ಲ."

ಆಮೇಲೆ ಹಾಲಿನಲ್ಲಿ ಎದ್ದ ಗಲಾಟೆಯನ್ನು ಬರೆಯಲಾರೆ. ಬೇಳೆ ಬೆಂದಿಲ್ಲ ಎಂದು ಒಬ್ಬ, ಖಾರ ಎಂದು ಒಬ್ಬಳು, ಗುರುವಾರದ ಮಾಮಿಯ ಮೊಸರನ್ನ ಯಾವಾಗಲೂ ಹುಳಿ ಎಂದು ಮೂರನೆಯವನು, ಸೋಮವಾರದ ಉಪ್ಪಿಟ್ಟಿನಲ್ಲಿ ಗೋಡೆ ಕಟ್ಟಬಹುದು ಎಂದು ಗಾರೆ ಕೆಲಸದವನ ಮಗ. ವರ್ಷಗಳಿಂದ ಕೂಡಿಟ್ಟದ್ದೆಲ್ಲ ಹೊರಬಂತು. ಅಜ್ಜಿ ಉಪ್ಪಿನ ಬಟ್ಟಲು ಹಿಡಿದು ಎಲೆಯಿಂದ ಎಲೆಗೆ ಬೈಸಿಕೊಳ್ಳುತ್ತಾ ನಡೆದರು. ಲೀಡರ್ ಎರಡನೇ ಸಲ ಬಡಿಸಿಕೊಂಡಳು.

ಮನೆಗೆ ಬಂದು, ಊಟ ಬೇಡವೆಂದು ಅಮ್ಮನಿಗೆ ಹೇಳಿ, ಸೀರೆಯನ್ನೂ ಬದಲಾಯಿಸದೆ ಚಾಪೆಯ ಮೇಲೆ ಒರಗಿದೆ. ಎದ್ದಾಗ ಹಾಲಿನವನು ಬಂದು ಹೋಗಿದ್ದ. ಕಿಟಕಿಯಿಂದ ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಲೆಯ ಬಳಿ ಅವಳು ಇಟ್ಟಿದ್ದ ನೀರಿನ ಲೋಟ ರಾತ್ರಿಯೆಲ್ಲ ಯಾರೂ ಮುಟ್ಟದೆ ಹಾಗೇ ತುಂಬಿತ್ತು. ಎತ್ತಿ, ಮೂಸದೆ, ಕುಡಿದೆ.